ಗಂಗಾವತಿ ಕಂಪ್ಯೂಟರಿನ ಬೇರು ಹುಡುಕಿದ ಐದು ದಿನ

ಸೋಮವಾರ ಬೆಳಿಗ್ಗೆ ಎರಡನೆಯ ರೊಟ್ಟಿ ಬಡಿಯುತ್ತಿದ್ದೆ. ಎದುರುಮನೆಯ ಅಕ್ಕ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಸತ್ತ ಗುಬ್ಬಿಮರಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಒಂದು ಪೆನ್‌ಡ್ರೈವ್ ಹಿಡಿದಿದ್ದರು.

“ತಂಗಿ, ಇದರಾಗ ನನ್ನ ಸೀರಿ ಇತ್ತು. ಈಗ ನೋಡಿದ್ರ ಬರೇ ಭಜನಿ ಪದ ಅದಾವ.”

ಅಕ್ಕ ನೇಕಾರರು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯಲ್ಲಿ ಈಗ ಉಳಿದಿರುವ ಕೈಮಗ್ಗ ಅವರದೊಂದೇ. ಅದರ ತಲೆಯ ಮೇಲೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂತಿದೆ. ಹಿಂದೆ ತೂತು ಹೊಡೆದ ರಟ್ಟಿನ ಸರ ಮಾಡುತ್ತಿದ್ದ ಕೆಲಸವನ್ನು ಈಗ ಆ ಪೆಟ್ಟಿಗೆ ಮಾಡುತ್ತದೆ. ಸೀರೆಯ ಡಿಸೈನು ಒಂದು ಚಿತ್ರದ ಫೈಲಾಗಿ ಪೆನ್‌ಡ್ರೈವಿನಲ್ಲಿರುತ್ತದೆ. ಪೆಟ್ಟಿಗೆ ಅದನ್ನು ಸಾಲು ಸಾಲಾಗಿ ಓದಿ, ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ಹುಕ್ಕುಗಳನ್ನು ಎತ್ತುತ್ತದೆ. ಫೈಲು ಹೋದರೆ ಮಗ್ಗಕ್ಕೆ ಏನು ನೇಯಬೇಕೆಂಬುದೇ ಗೊತ್ತಾಗುವುದಿಲ್ಲ.

ಫೈಲು ಅಳಿಸಿದವರು ಅಕ್ಕನ ಯಜಮಾನರೇ. ಸ್ಪೀಕರ್ ಡಬ್ಬಿಗೆ ಹಾಕಿ ಕೇಳೋಣ ಎಂದು ಪೇಟೆಯಲ್ಲಿ ಪದ ತುಂಬಿಸಿಕೊಂಡು ಬಂದಿದ್ದರು.

“‘ಇದ್ದದ್ದೆಲ್ಲಾ ಅಳಿಸ್ಲ್ಯಾ?’ ಅಂತ ಕಂಪ್ಯೂಟರ್ ಕೇಳ್ತಂತ. ಇವ್ರು ಹೂಂ ಅಂದಾರ. ನನ್ನ ಜೋಡಿ ಮಾತಾಡುವಾಗ ಒಂದ ದಿನ ಹೂಂ ಅಂದಿಲ್ಲ ನೋಡು ಈ ಮನಷ್ಯಾ!”

ಯಜಮಾನರು ಅಂಗಳದಲ್ಲೇ ನಿಂತಿದ್ದರು. ಅಲ್ಲಿಂದಲೇ ಹೇಳಿದರು. “ನನ್ನ ತಪ್ಪು ತಂಗಿ, ಒಪ್ಕೊಂಡೆ. ಆದ್ರ ಮಾತು ಮಾತ. ಈ ಸೀರಿ ಹೊತ್ತಿಗೆ ಮುಟ್ಟಿದ್ರ ಮಗ್ಗ ಇರಲಿ. ಇಲ್ಲಂದ್ರ ಬಿಚ್ಚಿ ತೆಗದು ಆ ಕೋಣಿ ಬಾಡಿಗಿಗೆ ಕೊಡೂದು. ನಮ್ಮ ಪಾಳಿಯಾಂವ ಒಬ್ಬ ದಿನಾ ಕೇಳಾಕ ಹತ್ಯಾನ.”

ಮೊದಲು ಆ ಮಗ್ಗದಲ್ಲಿ ಕೂರುತ್ತಿದ್ದವರು ಅವರೇ. ಭುಜದ ನೋವು ಹೆಚ್ಚಾಗಿ ಗಿಣಿಗೇರಾದ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೇಲೆ ಅಕ್ಕ ಒಬ್ಬರೇ ನಡೆಸುತ್ತಿದ್ದರು. ಒಂಟಿ ಕೈಯಾದ್ದರಿಂದ ಎರಡು ಸೀರೆ ಹೊತ್ತಿಗೆ ಮುಗಿದಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಸೇರಿಯೇ ಈ ಮಾತಿಗೆ ಬಂದಿದ್ದರು. ಈ ಸಲದ್ದು ಕುಷ್ಟಗಿಯ ಮದುವೆಮನೆಯ ಸೀರೆ. ಮದುಮಗಳ ತಾಯಿ ತನ್ನ ಮದುವೆಯಲ್ಲಿ ಉಟ್ಟಿದ್ದೂ ಇದೇ ಮಗ್ಗದ ಸೀರೆಯಂತೆ. ಅದರದೇ ಗಿಳಿ ಅಂಚಿನ ದಡಿ ಮಗಳಿಗೂ ಬೇಕು ಎಂದಿದ್ದರು. ಮದುವೆ ಮುಂದಿನ ವಾರದ ಶುಕ್ರವಾರ. ಹಾಸಿನ ಎಳೆ ಆಗಲೇ ಮಗ್ಗಕ್ಕೆ ಏರಿತ್ತು. ನೇಯಲು ಐದು ದಿನ ಬೇಕು. ಎಂದರೆ ಈ ಶುಕ್ರವಾರದೊಳಗೆ ಫೈಲು ಕೈಗೆ ಬರಬೇಕು.

ಅಕ್ಕ ನನ್ನ ಬಳಿ ಬಂದದ್ದಕ್ಕೆ ಕಾರಣ ಇಷ್ಟೇ. ನಾನು ಬಿಸಿಎ ಓದಿದವಳು, ಜಾವಾ ಕಲಿತವಳು. ಏಕಾದಶಿ, ಹುಣ್ಣಿಮೆ ಯಾವತ್ತು ಬರುತ್ತದೆಂದು ನಮ್ಮ ಅತ್ತೆಗೆ ಹೇಳುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಓಣಿಯಲ್ಲಿ ಅದರಿಂದ ನನಗೆ ಇರಬೇಕಾದದ್ದಕ್ಕಿಂತ ದೊಡ್ಡ ಹೆಸರು ಬಂದಿತ್ತು.

ರಟ್ಟಿನ ಕಾಲದಲ್ಲಿ ಆ ಡಿಸೈನು ಬಿಡಿಸಿ, ಆಮೇಲೆ ಅದನ್ನು ಫೈಲು ಮಾಡಿಕೊಟ್ಟ ಮಾಸ್ತರರು ಗಂಗಾವತಿಯಲ್ಲಿದ್ದಾರೆ. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟು ಎರಡು ವರ್ಷವಾಗಿದೆ. ರೊಟ್ಟಿ ಮುಗಿಸಿ ಅವರಿಗೆ ಫೋನ್ ಮಾಡಿದೆ.

“ಕಂಪ್ಯೂಟರ್ ಐತವ್ವ, ಮೂಲ್ಯಾಗ ಸೀರಿ ಹೊದ್ದು ಕುಂತೈತಿ. ಅದರಾಗ ಸಾವಿರಾರು ಫೈಲ್ ಅದಾವ. ಆದ್ರ ಹೆಸರು ಕೇಳಬ್ಯಾಡ. ಒಂದು, ಹನ್ನೊಂದು, ನೂರಾ ಹನ್ನೊಂದು, ಹಿಂಗ ಏನೋ ಇಟ್ಟೀನಿ. ಹೆಸರಿನ ಹಿಂದ ಚುಕ್ಕಿ ಇಟ್ಟು ಮೂರಕ್ಷರದ ಬಾಲ ಇರತೈತಲ್ಲ, ಅದನ್ನೂ ಕತ್ತರಿಸೀನಿ.”

“ಯಾಕ್ರೀ ಮಾಸ್ತರ?”

“ಮತ್ತೊಬ್ಬ ಡಿಸೈನದಾಂವ ಬಂದು ಕುಂತ್ರ ಅವನಿಗೆ ತೆರೀಬಾರದು ಅಂತ. ಈಗ ನೋಡಿದ್ರ ನನಗೂ ತೆರಿಯಂಗಿಲ್ಲ!” ಎಂದು ತಾವೇ ನಕ್ಕರು.

ಹೆಸರಿಲ್ಲ, ಬಾಲವಿಲ್ಲ, ವಿಂಡೋಸಿನ ಹುಡುಕುವ ಪೆಟ್ಟಿಗೆಯಲ್ಲಿ ಏನೆಂದು ಟೈಪ್ ಮಾಡುವುದು? ಒಂದೊಂದಾಗಿ ತೆರೆದು ನೋಡಲು ಸಾವಿರಾರು ಫೈಲು. ಒಂದೇ ಒಂದು ಗುರುತು ಉಳಿದಿತ್ತು. ಅಕ್ಕನ ಮಗ್ಗದ್ದು 384 ಹುಕ್ಕು. ಒಂದು ಹುಕ್ಕಿಗೆ ಚಿತ್ರದಲ್ಲಿ ಒಂದು ಚುಕ್ಕೆ, ಹಾಗಾಗಿ ಚಿತ್ರದ ಅಗಲವೂ 384 ಚುಕ್ಕೆ. ಈ ಕಡೆಯ ಬೇರೆ ಮಗ್ಗಗಳೆಲ್ಲ 240 ಇಲ್ಲವೇ 480. “ಮೂರನೂರಾ ಎಂಬತ್ನಾಕರವು ಹತ್ತೋ ಹನ್ನೆರಡೋ ಮಾಡಿರಬೇಕು ಅಷ್ಟ” ಎಂದರು ಮಾಸ್ತರರು. ಅಷ್ಟು ಸಾಕಾಗಿತ್ತು. ಹೆಸರು ನೋಡದೆ ಪ್ರತಿ ಫೈಲಿನ ಹೊಟ್ಟೆಯೊಳಗೆ ಇಣುಕಿ ಅಗಲ ಅಳೆಯುವ ಒಂದು ಪ್ರೋಗ್ರಾಂ ಬರೆದರೆ ಆಯಿತು ಎಂದುಕೊಂಡೆ.

ಮಂಗಳವಾರ ಹುಲಿಗೆಮ್ಮ ದೇವಿಯ ವಾರ, ಒಂದೊತ್ತಿನ ಉಪವಾಸ. ಅಡುಗೆ ಕಡಿಮೆ ಇದ್ದದ್ದು ಪುಣ್ಯವಾಯಿತು. ಇಡೀ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತೆ. ಮಗ್ಗದ ಪೆಟ್ಟಿಗೆ ಓದುವ ಬಿಎಂಪಿ ಬಗೆಯ ಚಿತ್ರದ ಫೈಲಿನಲ್ಲಿ ಮೊದಲ ಎರಡು ಬೈಟು B ಮತ್ತು M ಅಕ್ಷರಗಳು. ಬಾಲ ಕತ್ತರಿಸಿದರೂ ಇವು ಒಳಗೆ ಹಾಗೇ ಉಳಿದಿರುತ್ತವೆ. ಹತ್ತೊಂಬತ್ತನೆಯ ಬೈಟಿನಿಂದ ಅಗಲ ಬರೆದಿರುತ್ತದೆ. ಅದನ್ನು ಓದಿಸಿದೆ. ಪರೀಕ್ಷೆಗೆಂದು ನಾನೇ 384 ಚುಕ್ಕೆಯ ಒಂದು ಚಿತ್ರ ಮಾಡಿ, ಅದರ ಬಾಲ ಕತ್ತರಿಸಿ ಇಟ್ಟು ಹುಡುಕಿಸಿದರೆ, ಪ್ರೋಗ್ರಾಂ ಅದರ ಅಗಲ 128 ಎಂದು ಹೇಳಿತು!

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು. 384 ಒಂದೇ ಬೈಟಿನಲ್ಲಿ ಹಿಡಿಸುವುದಿಲ್ಲ. ಮೊದಲ ಬೈಟಿನಲ್ಲಿ 128, ಎರಡನೆಯದರಲ್ಲಿ 256ರ ಲೆಕ್ಕದ ಒಂದು. ಜಾವಾ ಒಂದು ಬೈಟಿನಲ್ಲಿ 127ರವರೆಗೆ ಮಾತ್ರ ನೇರವಾಗಿ ಎಣಿಸುತ್ತದೆ. 128 ಬಂದರೆ ಮೈನಸ್ 128 ಎಂದು ಓದುತ್ತದೆ. 256ರಲ್ಲಿ 128 ಕಳೆದು 128 ಎಂದು ಹೇಳಿತ್ತು. `& 0xFF` ಎಂದು ಸೇರಿಸಿದೆ, ಸರಿಹೋಯಿತು. ಅಕ್ಕನ ಮಗ್ಗ 300 ಹುಕ್ಕಿನದಾಗಿದ್ದರೆ ಈ ತಪ್ಪು ಮನೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ದೇವರಮನೆಯ ಕಡೆ ತಿರುಗಿ ಒಮ್ಮೆ ಕೈಮುಗಿದೆ.

ಇನ್ನು ಹುಡುಕಾಟ ಎಲ್ಲಿಂದ ಶುರುವಾಗಬೇಕು ಎನ್ನುವುದು. ಕಂಪ್ಯೂಟರಿನ ಫೋಲ್ಡರುಗಳು ಒಂದರೊಳಗೊಂದು ಇರುತ್ತವೆ. ಹೊರಗೆ ಬರುತ್ತ ಬರುತ್ತ ಹೋದರೆ ಕೊನೆಗೆ ಯಾವುದರೊಳಗೂ ಇಲ್ಲದ ಒಂದು ಫೋಲ್ಡರು ಸಿಗುತ್ತದೆ. ಅದೇ ಬೇರು, ರೂಟ್. ಅಲ್ಲಿಂದ ಹೊರಟರೆ ಯಾವ ಕೊಂಬೆಯೂ ತಪ್ಪಿಹೋಗುವುದಿಲ್ಲ. ನನ್ನ ಲ್ಯಾಪ್‌ಟಾಪು ಹಳೆಯದು. ವಿಂಡೋಸ್ ಹಾಕಿದರೆ ನಿಂತೇಬಿಡುತ್ತದೆ ಎಂದು ರಿಪೇರಿಯವರು ಲಿನಕ್ಸ್ ಹಾಕಿಕೊಟ್ಟಿದ್ದರು. ಲಿನಕ್ಸಿನಲ್ಲಿ ಬೇರು ಎಂದರೆ ಒಂದೇ ಒಂದು ಓರೆಗೆರೆ. `new File("/")` ಎಂದು ಬರೆದೆ. ನಡುವೆ ಒಮ್ಮೆ ಪ್ರೋಗ್ರಾಂ ಮುಗ್ಗರಿಸಿತು. ನನಗೆ ಅನುಮತಿ ಇಲ್ಲದ ಫೋಲ್ಡರಿನೊಳಗೆ ಏನೇನಿದೆ ಎಂದು ಕೇಳಿದರೆ ಜಾವಾ ಪಟ್ಟಿಯ ಬದಲು `null` ಎಂದು ಕೊಡುತ್ತದೆ, ಅಂದರೆ ಏನೂ ಇಲ್ಲ. ಹಾಗೆ ಬಂದರೆ ಸುಮ್ಮನೆ ಮುಂದಿನ ಫೋಲ್ಡರಿಗೆ ಹೋಗು ಎಂದು ಒಂದು ಸಾಲು ಸೇರಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರೋಗ್ರಾಂ ನನ್ನ ಪರೀಕ್ಷೆಯ ಚಿತ್ರವನ್ನು ಮೂಲೆಯಿಂದ ಹುಡುಕಿ ತೆಗೆಯಿತು.

ಮಾಸ್ತರರ ಯಂತ್ರದಲ್ಲಿ ಜಾವಾ ಇರಲಿಕ್ಕಿಲ್ಲ ಎಂದು ವಿಂಡೋಸಿಗೆ ಬೇಕಾದ ಜಾವಾವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ. ಹಳೆಯ ಯಂತ್ರಕ್ಕೆ ಒಂದು, ಹೊಸತಕ್ಕೆ ಒಂದು, ಎರಡೂ ಇರಲಿ. ನೆಂಟರ ಮನೆಗೆ ಹೋಗುವಾಗ ದೊಡ್ಡ ಡಬ್ಬಿಯ ಜೊತೆ ಸಣ್ಣ ಡಬ್ಬಿಯನ್ನೂ ಕಟ್ಟಿಕೊಳ್ಳುವ ಅಭ್ಯಾಸ ನನ್ನದು.

ಬುಧವಾರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಿಣಿಗೇರಾ ದಾಟುವವರೆಗೆ ಕಾರ್ಖಾನೆಯ ಹೊಗೆಗೆ ಸೆರಗು ಮೂಗಿಗೆ ಹಿಡಿದಿದ್ದೆ. ಕಾಲುವೆಯ ಸೀಮೆ ಬಂದ ಮೇಲೆ ಎರಡೂ ಕಡೆ ಭತ್ತದ ಹಸಿರು, ತಂಪು ಗಾಳಿ.

ಮಾಸ್ತರರ ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಹೆಂಡತಿ ಅಮ್ಮನವರು, ಇಬ್ಬರೇ. ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರೆ ಹಣೆಗೆ ವಿಭೂತಿ, ಕುಂಕುಮ, ಎಲ್ಲ ಇತ್ತು. ಗುಂಡಿ ಒತ್ತಿದ ಮೇಲೆ ಎದ್ದೇಳಲು ಅದು ತೆಗೆದುಕೊಂಡ ಸಮಯದಲ್ಲಿ ಅಮ್ಮನವರು ಚಹಾ ಮಾಡಿ, ಸೋಸಿ, ತಂದು ಕೊಟ್ಟೂ ಆಯಿತು.

ಪೆನ್‌ಡ್ರೈವ್ ಚುಚ್ಚಿದೆ. ಸಣ್ಣ ಡಬ್ಬಿಯ, ಎಂದರೆ ಹಳೆಯ ಯಂತ್ರದ ಜಾವಾನೇ ಹಿಡಿಸಿತು. ಪ್ರೋಗ್ರಾಂ ಓಡಿಸಿದೆ. ಎರಡೇ ಸೆಕೆಂಡು.

`E:\parikshe 384`

“ಸಿಕ್ತು!” ಎಂದು ಕೂಗಿಬಿಟ್ಟೆ. ಅಮ್ಮನವರು ಸಕ್ಕರೆ ಡಬ್ಬಿ ತರಲು ಒಳಗೆ ಓಡಿದರು. ಮಾಸ್ತರರು ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಂದರು. “ಏನಂತ ಹೆಸರೈತಿ?”

“ಪರೀಕ್ಷೆ ಅಂತ ಐತ್ರಿ.”

“ನಾ ಯಾವ ಸೀರಿಗೂ ಪರೀಕ್ಷಿ ಅಂತ ಹೆಸರಿಟ್ಟಿಲ್ಲವಾ.”

ಆಗ ನನಗೆ ಬೆಳಕು ಹರಿಯಿತು. ಅದು ನಿನ್ನೆ ನಾನೇ ಮಾಡಿದ ಚಿತ್ರ, ಪೆನ್‌ಡ್ರೈವಿನಲ್ಲಿಯೇ ಉಳಿದಿತ್ತು. ವಿಂಡೋಸಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ಬೇರು ಇಲ್ಲ. ಪ್ರತಿ ಡ್ರೈವಿಗೂ ಅದರದೇ ಬೇರು. ಬರೀ ಓರೆಗೆರೆ ಕೊಟ್ಟರೆ ‘ಈಗ ನಾವು ಯಾವ ಡ್ರೈವಿನಲ್ಲಿದ್ದೇವೋ ಅದರ ಬೇರು’ ಎಂದು ಅದು ತಿಳಿಯುತ್ತದೆ. ನಾನು ಪ್ರೋಗ್ರಾಂ ಓಡಿಸಿದ್ದು ಪೆನ್‌ಡ್ರೈವಿನಿಂದ. ಕೊಪ್ಪಳದಿಂದ ಗಂಗಾವತಿಗೆ ಬಸ್ ಹತ್ತಿ ಬಂದು ನನ್ನ ಚೀಲವನ್ನೇ ನಾನು ಜಾಲಾಡಿದ್ದೆ.

ಹೇಳಿದಾಗ ಮಾಸ್ತರರು ತೊಡೆ ತಟ್ಟಿಕೊಂಡು ನಕ್ಕರು. ಅಮ್ಮನವರು “ಇರಲಿ ಬಿಡವಾ, ತಂದೀನಿ” ಎಂದು ಸಕ್ಕರೆಯನ್ನು ಬಾಯಿಗೆ ಹಾಕಿಯೇ ಬಿಟ್ಟರು.

ಅಲ್ಲಿಯೇ ನೋಟ್‌ಪ್ಯಾಡಿನಲ್ಲಿ ಓರೆಗೆರೆ ತೆಗೆದು `"C:\\"` ಎಂದು ಬರೆದೆ. ಹಿಂದಕ್ಕೆ ವಾಲಿದ ಗೆರೆ ಒಂದೇ ಹಾಕಿದರೆ ಜಾವಾ ಒಪ್ಪುವುದಿಲ್ಲ, ಎರಡು ಹಾಕಬೇಕು. ಮರೆತು ಒಂದು ಹಾಕಿ ಬೈಸಿಕೊಂಡೂ ಆಯಿತು. C ಡ್ರೈವು ಮುಗಿಯಲು ಮುಕ್ಕಾಲು ಗಂಟೆ. ಆಮೇಲೆ D. 240ರವು, 480ರವು ನೂರಾರು ಬಂದವು. 384ರದ್ದು ಒಂದೂ ಬರಲಿಲ್ಲ. ಪರದೆಯ ಮೇಲೆ ಇದ್ದ ಡ್ರೈವುಗಳು ಆ ಎರಡೇ, ಮೂರನೆಯದು ನನ್ನ ಪೆನ್‌ಡ್ರೈವು.

“ಹೋಗ್ಯಾವ ಬಿಡವಾ” ಎಂದರು ಮಾಸ್ತರರು. ಅಷ್ಟು ಹೊತ್ತು ನಗುತ್ತಿದ್ದವರ ದನಿ ಇಳಿದಿತ್ತು. “ಒಮ್ಮೆ ವೈರಸ್ ಬಿದ್ದಿತ್ತು. ಕ್ಲೀನ್ ಮಾಡಾಕ ಬಂದಾಂವ ಏನೇನೋ ತೆಗೆದ. ಅದರಾಗ ಹೋಗಿರಬೇಕು.”

ಸಂಜೆ ಅಕ್ಕನ ಮನೆಗೆ ಹೋಗಿ ಇಲ್ಲ ಎಂದು ಹೇಳುವುದು ಆ ವಾರದ ಅತಿ ಕಷ್ಟದ ಕೆಲಸವಾಗಿತ್ತು. ಅಕ್ಕ ಮಗ್ಗದ ಹಲಗೆಯ ಮೇಲೆ ಸುಮ್ಮನೆ ಕೂತಿದ್ದರು. ಕೊಪ್ಪಳದ ಒಂದು ಡಿಸೈನ್ ಅಂಗಡಿಯವರು ಹಳೆಯ ಸೀರೆಯ ಫೋಟೋ ನೋಡಿ, ಹೆಚ್ಚು ಕಡಿಮೆ ಹಾಗೇ ಕಾಣುವಂಥದ್ದನ್ನು ಒಂದೇ ದಿನದಲ್ಲಿ ಬಿಡಿಸಿಕೊಡುತ್ತೇವೆ ಎಂದಿದ್ದರಂತೆ. ಗುರುವಾರ ಸಂಜೆಯೊಳಗೆ ಹೌದು ಅಲ್ಲ ಹೇಳಬೇಕು.

“ಹೆಚ್ಚು ಕಡಿಮಿ ಅಂದ್ರ ಆ ತಾಯಿಗೆ ಗೊತ್ತಾಗಂಗಿಲ್ಲೇನು?” ಎಂದರು ಅಕ್ಕ. “ಇಪ್ಪತ್ತೈದು ವರ್ಷ ಮಡಚಿ ಬಿಚ್ಚಿ ಮಾಡ್ಯಾಳ ಆ ಸೀರಿ.”

ಗುರುವಾರ ಬೆಳಿಗ್ಗೆ ನಾನು ದೇವರ ಸಾಮಾನು ತೊಳೆಯುತ್ತಿದ್ದೆ. ಅತ್ತೆ ಹೂ ಕಟ್ಟುತ್ತ ಕೂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು.

“ಎಲ್ಲೆಲ್ಲಿ ಹುಡುಕಿದಿ ನೀ?”

“ಸಿ, ಡಿ ಎರಡೂ ನೋಡೀನ್ರಿ ಅತ್ತಿ.”

“ಎರಡ ಅದಾವ ಅಂತ ಯಾರು ಹೇಳಿದ್ರು?”

“ಯಾರ್ ಹೇಳ್ತಾರ್ರಿ? ಪರದಿ ಮ್ಯಾಲ ಅಷ್ಟ ಕಾಣತಾವ.”

“ಕಾಣೂದಷ್ಟ ಇದ್ದಿದ್ರ ನಾವ್ಯಾಕ ದಿನಾ ಕೈ ಮುಗೀತಿದ್ವಿ?” ಎಂದು ಹೂವಿನ ದಾರ ಹಲ್ಲಿನಿಂದ ಕಡಿದರು. “ಆ ಕಂಪ್ಯೂಟರನ್ನ ಕೇಳಿದ್ಯೇನು, ನಿನ್ನವು ಎಷ್ಟು ಅದಾವಪಾ ಅಂತ?”

ಅತ್ತೆ ಸುಮ್ಮನೆ ನನ್ನನ್ನು ಕೆಣಕಲು ಹೇಳಿದ ಮಾತು ಅದು. ಆದರೆ ನನ್ನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಹೌದಲ್ಲ! ಮೊದಲ ಸಲ ‘ನಿನ್ನ ಬೇರು ಓರೆಗೆರೆ’ ಎಂದು ನಾನೇ ಅದಕ್ಕೆ ಹೇಳಿದೆ. ಎರಡನೆಯ ಸಲ ‘ಅಲ್ಲ, C’ ಎಂದು ಹೇಳಿದೆ. ಆಮೇಲೆ D ಎಂದೆ. ಹೊಸಬರ ಮನೆಗೆ ಹೋದರೆ ದೇವರಮನೆ ಯಾವ ಕಡೆ ಎಂದು ಮನೆಯವರನ್ನು ಕೇಳುತ್ತೇವೆಯೇ ಹೊರತು ಇಂಥ ಕಡೆಯೇ ಇದೆ ಎಂದು ನುಗ್ಗುವುದಿಲ್ಲ. ಇಷ್ಟು ಸಣ್ಣ ಮರ್ಯಾದೆಯನ್ನು ನಾನು ಆ ಯಂತ್ರಕ್ಕೆ ತೋರಿಸಿರಲಿಲ್ಲ.

ತಂಬಿಗೆ ತೊಳೆದಿಟ್ಟು ಲ್ಯಾಪ್‌ಟಾಪ್ ತೆರೆದೆ. ಜಾವಾದ ಕೈಪಿಡಿಯಲ್ಲಿ ಎರಡು ದಾರಿ ಸಿಕ್ಕವು. ಒಂದು `System.getenv("SystemDrive")`, ವಿಂಡೋಸ್ ತಾನು ಯಾವ ಡ್ರೈವಿನಲ್ಲಿ ಕೂತಿದ್ದೇನೆ ಎಂಬುದನ್ನು ಅಷ್ಟೇ ಇದು ಹೇಳುತ್ತದೆ. ಲಿನಕ್ಸಿನಲ್ಲಿ ಕೇಳಿದರೆ `null`. ಇನ್ನೊಂದು `File.listRoots()`. ಇದು ಆಪರೇಟಿಂಗ್ ಸಿಸ್ಟಮನ್ನೇ ಕೇಳಿ, ಇರುವ ಬೇರುಗಳನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ. ನನಗೆ ಬೇಕಾದದ್ದು ಇದು. ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದ C, D ಅಳಿಸಿ, ಮೊದಲು ಬೇರುಗಳನ್ನು ಕೇಳು, ಒಂದೊಂದನ್ನೂ ಪರದೆಯ ಮೇಲೆ ಬರೆ, ಆಮೇಲೆ ಒಂದೊಂದರಿಂದಲೂ ಹುಡುಕು ಎಂದು ಬದಲಿಸಿದೆ.

ಮನೆಯಲ್ಲಿ ಓಡಿಸಿದರೆ ಒಂದೇ ಸಾಲು ಬಂತು: ಓರೆಗೆರೆ. ನನ್ನ ಯಂತ್ರದಲ್ಲಿ ಇರುವುದೇ ಒಂದು ಬೇರು, ಇನ್ನೇನು ಬಂದೀತು! ಗಂಗಾವತಿಯಲ್ಲಿ ಏನು ಬರುತ್ತದೆ ಎಂಬುದಕ್ಕೆ ನನ್ನ ಬಳಿ ಯಾವ ಸಾಕ್ಷಿಯೂ ಇರಲಿಲ್ಲ. ಅಲ್ಲಿಯೂ C, D, ಪೆನ್‌ಡ್ರೈವು ಇಷ್ಟೇ ಬಂದರೆ? ಅಷ್ಟರೊಳಗೆ ಕೊಪ್ಪಳದ ಅಂಗಡಿಯವರಿಗೆ ಇಲ್ಲ ಎಂದಿರುತ್ತೇವೆ. ಮದುವೆಮನೆಯವರಿಗೆ ಸೀರೆಯೂ ಇಲ್ಲ, ಅಕ್ಕನಿಗೆ ಮಗ್ಗವೂ ಇಲ್ಲ. ಹೋದರೆ ಹೋಗುವುದು ನನ್ನ ಮಗ್ಗವಲ್ಲ. ಅದೇ ನನ್ನನ್ನು ಮಧ್ಯಾಹ್ನದವರೆಗೆ ಕಾಡಿದ್ದು.

ಕೊನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಅಕ್ಕಾ, ಸಿಕ್ಕ ಸಿಗತೈತಿ ಅಂತ ನಾ ಹೇಳಂಗಿಲ್ಲ. ಆದ್ರ ನಾ ಕೇಳಬೇಕಾದ್ದು ಕೇಳಿಲ್ಲ. ನಾಳೆ ಮತ್ತೊಮ್ಮೆ ಹೋಗಿ ಕೇಳ್ತೀನಿ. ಅಂಗಡಿಯವ್ರಿಗೆ ಏನು ಹೇಳೂದು ನೀವ ನೋಡ್ರಿ.”

ಯಜಮಾನರು ಪಾಳಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದರು. “ಇಬ್ರೂ ಕೂಡಿ ಗಂಗಾವತಿ ಬಸ್ಸಿನ ಪಾಸ್ ತಗಸ್ರಿ” ಎಂದರು.

ಅಕ್ಕ ಅವರ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ ಫೋನ್ ತೆಗೆದುಕೊಂಡು ಅಂಗಡಿಯವರಿಗೆ ಬೇಡ ಎಂದು ಹೇಳಿಬಿಟ್ಟರು. “ನಾಳೆ ಶುಕ್ರವಾರ. ನಾನೂ ಬರ್ತೀನಿ ನಡಿ. ಆ ಸೀರಿದು ನಮ್ಮನ್ಯಾಗ ಉಳದ ಹಳೇ ದಡಿ ತುಂಡು ತಗೊಂಡ ಬರ್ತೀನಿ. ಸಿಕ್ರ ಹೋಲಿಸಿ ನೋಡಾಕ ಬೇಕಲ್ಲ.”

ಸಿಕ್ಕರೆ ಎಂದು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೇ ಧೈರ್ಯ ಬಂತು.

ಶುಕ್ರವಾರ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಗಿಣಿಗೇರಾದಲ್ಲಿ ರಾತ್ರಿ ಪಾಳಿ ಮುಗಿದ ಜನ ಹತ್ತಿದರು. ಇನ್ನೂ ನಾಲ್ಕು ಹೆಜ್ಜೆ ಒತ್ತಿಕೊಂಡು ನಿಂತೆವು. ಆದರೆ ಬಸ್ಸು ಎಲ್ಲಿಯೂ ಕೆಡಲಿಲ್ಲ, ಹತ್ತು ಗಂಟೆಗೆ ಮಾಸ್ತರರ ಮನೆಯಲ್ಲಿದ್ದೆವು. ಅದೂ ಒಂದು ಪುಣ್ಯ.

ಈ ಸಲ ಕೂಗುವುದಿಲ್ಲ ಎಂದು ಮೊದಲೇ ಅಮ್ಮನವರಿಗೆ ಹೇಳಿದ್ದೆ. ಓಡಿಸಿದೆ. ಹುಡುಕಾಟಕ್ಕೆ ಮೊದಲು ಬೇರುಗಳ ಪಟ್ಟಿ ಬಂತು.

`C:\`
`D:\`
`E:\`
`H:\`

ನಾಲ್ಕು ಸಾಲು. ನಾನು ಎರಡು ಸಲ ಎಣಿಸಿದೆ. E ನನ್ನ ಪೆನ್‌ಡ್ರೈವು. ಹಾಗಾದರೆ H ಯಾವುದು? ಡ್ರೈವುಗಳು ಕಾಣುವ ಕಿಟಕಿ ತೆರೆದು ನೋಡಿದೆ, ಅಲ್ಲಿ ಮೂರೇ. ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಅಲ್ಲಿ ನಾಕು, ಇಲ್ಲಿ ಮೂರು. ಯಾವುದು ಸುಳ್ಳು ಹೇಳಾಕ ಹತ್ತೈತಿ?”

“ಮಾಸ್ತರ, ಎಚ್ ಅಂತ ಒಂದು ಡ್ರೈವ್ ಐತ್ರಿ ಇದರಾಗ. ಹೊರಗ ಕಾಣವಲ್ದು.”

ಮಾಸ್ತರರು ಕುರ್ಚಿಯಿಂದ ಮೆಲ್ಲಗೆ ಎದ್ದರು. “ಎಚ್ ಅಂದಿ?”

“ಹೌದ್ರಿ.”

“ಯವ್ವಾ, ಅದು ಹುಲಿಗೆಮ್ಮಂದು!”

ಆಮೇಲೆ ಕೂತು ಹೇಳಿದರು. ಹೊಸ ಡಿಸೈನಿನಲ್ಲಿ ನೇಯ್ದ ಮೊದಲ ಸೀರೆಯನ್ನು ಹುಲಿಗೆಮ್ಮ ತಾಯಿಗೆ ಉಡಿಸುವುದು ಅವರ ಮನೆತನದ ಪದ್ಧತಿ. ಮಗ್ಗ ಬಿಟ್ಟು ಕಂಪ್ಯೂಟರ್ ಹಿಡಿದ ಮೇಲೆ ಉಡಿಸಲು ಸೀರೆ ಇರಲಿಲ್ಲ, ಫೈಲು ಮಾತ್ರ ಇತ್ತು. ಹಾಗಾಗಿ ಡಿಸೈನು ಮುಗಿದ ಕೂಡಲೇ ಮೊದಲ ಪ್ರತಿಯನ್ನು ತಾಯಿಯ ಹೆಸರಿನ ಡ್ರೈವಿಗೆ ಹಾಕುತ್ತಿದ್ದರು. ಕಂಪ್ಯೂಟರ್ ಜೋಡಿಸಿದವರಿಗೆ ಹೇಳಿ ಅದಕ್ಕೆ H ಅಕ್ಷರ ಕೊಡಿಸಿ, ಬಂದವರು ಹೋದವರು ಅದರಲ್ಲಿ ಕೈಯಾಡಿಸದಂತೆ ಕಿಟಕಿಯಿಂದ ಮರೆ ಮಾಡಿಸಿದ್ದರು. ತೆರೆಯಲು ಪರದೆಯ ಮೇಲೆ ತಾಯಿಯ ಚಿತ್ರದ ಒಂದು ಗುರುತು ಮಾತ್ರ ಇತ್ತು. ವೈರಸ್ ತೆಗೆಯಲು ಬಂದವನು ಪರದೆ ಚೊಕ್ಕ ಮಾಡುವಾಗ ಆ ಗುರುತನ್ನು ಅಳಿಸಿದ್ದ.

“ಚಿತ್ರ ಹೋಯ್ತು, ಅದರ ಜೋಡಿ ಎಲ್ಲಾ ಹೋಯ್ತು ಅಂತ ತಿಳಕೊಂಡೆ. ತಾಯಿ ಕೊಟ್ಟಿದ್ಲು, ತಾಯಿನ ತಗೊಂಡ್ಲು ಅಂತ ಸುಮ್ಮನಾದೆ.”

“ತಗೊಂಡಿಲ್ರಿ, ಇಟಗೊಂಡ ಕುಂತಾಳ” ಎಂದರು ಅಕ್ಕ.

ವಿಂಡೋಸಿನ ಕಿಟಕಿ ಮರೆ ಮಾಡಿದ್ದನ್ನು ತೋರಿಸುವುದಿಲ್ಲ. ಆದರೆ ಪ್ರೋಗ್ರಾಂ ಹೋಗಿ ನೇರವಾಗಿ ಕೇಳಿದರೆ ಆಪರೇಟಿಂಗ್ ಸಿಸ್ಟಮು ಮುಚ್ಚಿಡುವುದೂ ಇಲ್ಲ. ಹುಡುಕಾಟ C, D ದಾಟಿ H ತಲುಪಲು ಒಂದು ಗಂಟೆ ಹಿಡಿಯಿತು. ಬರೀ H ಕೊಟ್ಟು ಓಡಿಸಬಹುದಿತ್ತು. ಆದರೆ ಒಮ್ಮೆ ಕೇಳಿಸಿಕೊಂಡ ಮೇಲೆ ಮತ್ತೆ ನನ್ನದೇ ನಡೆಸುವುದು ಬೇಡ ಎನ್ನಿಸಿ ಸುಮ್ಮನೆ ಕೂತೆ. ಅಮ್ಮನವರು ಮಂಡಾಳ ಒಗ್ಗರಣೆ ಹಾಕಿ ತಂದರು. ತಿನ್ನುತ್ತಿದ್ದಾಗಲೇ ಸಾಲುಗಳು ಬರತೊಡಗಿದವು. 240, 480ರವುಗಳ ನಡುವೆ ಹನ್ನೊಂದು ಫೈಲು 384ರವು.

ಒಂದೊಂದನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ, ಕತ್ತರಿಸಿದ ಬಾಲ ಮತ್ತೆ ಅಂಟಿಸಿ, ತೆರೆದು ನೋಡಿದೆವು. ಆರರಲ್ಲಿ ಗಿಳಿಯ ದಡಿಯೇ! ನನಗೆ ಎಲ್ಲ ಗಿಳಿಯೂ ಒಂದೇ. ಅಕ್ಕ ಹಳೆಯ ದಡಿಯ ತುಂಡನ್ನು ಪರದೆಗೆ ಹಿಡಿದು ಒಂದೊಂದೇ ಬೇಡ ಬೇಡ ಎನ್ನುತ್ತ ಹೋದರು.

ಮಾಸ್ತರರು ಕೂತಲ್ಲಿಂದಲೇ ಕೇಳಿದರು. “ಜೋಡಿ ಗಿಳ್ಯಾಗ ಒಂದು ಹಿಂದಕ್ಕ ಹೊಳ್ಳಿ ನೋಡಾಕ ಹತ್ತೈತೇನು?”

“ಇದರಾಗಿಲ್ರಿ... ಇದರಾಗೂ ಇಲ್ಲ... ತಡೀರಿ. ಹ್ಞಾಂ! ಹೊಳ್ಳಿ ನೋಡಾಕ ಹತ್ತೈತಿ!”

“ಹಂಗಾರ ಅದ. ಹೆಣ್ಣಗಿಳಿ ತವರಮನಿ ಕಡಿ ನೋಡ್ಲಿ ಅಂತ ಬಿಡಿಸಿದ್ದೆ.”

ಅಕ್ಕ ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಕೂಗುವುದಿಲ್ಲ ಎಂದಿದ್ದವಳು ಕೂಗಲಿಲ್ಲ.

ಹೊರಡುವ ಮುಂಚೆ ಮಾಸ್ತರರು ಒಂದು ಮಾತು ಕೇಳಿದರು. “ನಕಲ ಮಾಡಿದ್ಯೋ, ಕಿತ್ತಿದ್ಯೋ?”

“ನಕಲ್ರಿ. ತಾಯಿದು ಅಲ್ಲೇ ಐತಿ.”

“ಛಲೋ ಆತು. ಅಲ್ಲಿಂದ ಕೀಳಬಾರದು.”

ಪರದೆಯ ಮೇಲೆ H ಡ್ರೈವಿಗೆ ಮತ್ತೆ ಒಂದು ಗುರುತು ಮಾಡಿ, ಅಮ್ಮನವರ ಫೋನಿನಲ್ಲಿದ್ದ ಹುಲಿಗೆಮ್ಮನ ಚಿತ್ರವನ್ನೇ ಅದಕ್ಕೆ ಹಾಕಿಕೊಟ್ಟೆ. ದೊಡ್ಡದಾಗಿ ಮಾಡಿದ್ದೆ, ಮಾಸ್ತರರಿಗೆ ಕಾಣಿಸಿತು.

ಅಂದು ಸಂಜೆಯೇ ಮಗ್ಗದ ಪೆಟ್ಟಿಗೆ ಫೈಲನ್ನು ತಕರಾರಿಲ್ಲದೆ ಓದಿತು. ಶನಿವಾರ ಬೆಳಿಗ್ಗೆ ಪೂಜೆ ಮಾಡಿ ಅಕ್ಕ ಕೂತರು. ಮೊದಲ ಗೇಣು ನೇಯುವಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಹೆಣ್ಣುಗಿಳಿಯ ಕತ್ತು ಸಾಲು ಸಾಲಾಗಿ ಹಿಂದಕ್ಕೆ ತಿರುಗುತ್ತ ಬಂತು. ಸೋಮವಾರ ಅಕ್ಕನ ಬೆನ್ನು ಹಿಡಿದುಕೊಂಡಿತು. ಅರ್ಧ ದಿನ ಹೋಯಿತು. ಈ ಸೀರೆಯೂ ಹೊತ್ತಿಗೆ ಮುಗಿಯುವುದಿಲ್ಲವೇನೋ ಎಂದು ನಾವೆಲ್ಲ ದಿನ ಎಣಿಸತೊಡಗಿದೆವು. ಮಂಗಳವಾರ ನಾನು ರೊಟ್ಟಿ ಕೊಡಲು ಹೋದಾಗ ಯಜಮಾನರು ಪಾಳಿ ಮುಗಿಸಿ ಬಂದವರು ಬಟ್ಟೆಯನ್ನೂ ಬದಲಿಸದೆ ನೆಲದ ಮೇಲೆ ಕೂತು ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದರು. ನನ್ನನ್ನು ನೋಡಿ “ಭುಜಕ್ಕ ಇದು ಭಾರ ಅಲ್ಲ ತಂಗಿ” ಎಂದರು, ನಾನು ಏನೂ ಕೇಳದಿದ್ದರೂ.

ಬುಧವಾರ ಸಂಜೆ ಸೆರಗು ಮುಗಿಯಿತು. ಗುರುವಾರ ಬೆಳಿಗ್ಗೆ ಕುಷ್ಟಗಿಯಿಂದ ಮದುಮಗಳ ತಾಯಿಯೇ ಬಂದರು. ಸೀರೆ ಬಿಡಿಸಿ, ದಡಿಯ ಮೇಲೆ ಕೈಯಾಡಿಸುತ್ತ ಹೋದವರು ಆ ಗಿಳಿಯ ಹತ್ತಿರ ಬಂದು ನಿಂತರು. ಅಕ್ಕನಿಗೆ ಅರಿಶಿನ ಕುಂಕುಮ ಹಚ್ಚಿ, ಸೀರೆಯನ್ನು ಎದೆಗವಚಿಕೊಂಡು ಹೋದರು.

ಅವರು ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಯಜಮಾನರ ಪಾಳಿಯವನು ಕೋಣೆ ನೋಡಲು ಬಂದ. ಒಳಗೆ ಅಕ್ಕ ಮುಂದಿನ ಸೀರೆಯ ಹಾಸಿನ ಎಳೆ ಜೋಡಿಸುತ್ತಿದ್ದರು, ನಾನು ಎಳೆಯ ತುದಿ ಹಿಡಿದುಕೊಂಡಿದ್ದೆ. ಇಬ್ಬರೂ ಕಿವಿಗೊಟ್ಟೆವು.

“ಕೋಣಿ ಖಾಲಿ ಆತೇನಣ್ಣಾ?”

“ಇಲ್ಲಪಾ” ಎಂದರು ಯಜಮಾನರು. “ಅದರಾಗ ಮಂದಿ ಅದಾರ.”

“ಯಾರು ಬಂದ್ರು? ನನಗ ಕೊಡ್ತೀನಿ ಅಂದಿದ್ರಿ.”

“ನಮ್ಮಾಕಿನ ಅದಾಳ. ಬಿಡಸಾಕ ಹೋದ್ರ ನನ್ನ ಮೊದಲ ಹೊರಗ ಹಾಕ್ತಾಳ. ನೀ ಬ್ಯಾರೆ ಕಡೆ ನೋಡು.”

ಅಕ್ಕ ತಲೆ ಎತ್ತಲಿಲ್ಲ. ಕಡಿದಿದ್ದ ಎಳೆಯ ಎರಡು ತುದಿಗಳನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕಿ, “ಹ್ಞೂಂ, ಮುಂದಿಂದು ಕೊಡು ತಂಗಿ” ಎಂದರು.